ಕೆಮಿಸ್ಟ್ರಿ ಜೊತೆಗೆ ಏನು ತಗೋಬೇಕು?

2025ರ ಜೂನ್ ಕೊನೆಯ ಒಂದು ರಾತ್ರಿ ಅಕ್ಕನ ಮಗಳು ಫೋನ್ ಮಾಡಿದಳು. ಅವರದು ಮುಧೋಳದ ಹತ್ತಿರ ಒಂದು ಹಳ್ಳಿ, ಮೂರು ಎಕರೆ ಕಬ್ಬು. ಪಿಯುಸಿಯಲ್ಲಿ ಪಿಸಿಎಂಬಿ ಓದಿದ್ದಳು. ನೀಟ್ ಬರೆದು, ಸೀಟು ಸಿಗೋದಿಲ್ಲ ಅಂತ ಗೊತ್ತಾದ ಮೇಲೆ ಬಿಎಸ್ಸಿಗೆ ಮನಸ್ಸು ಮಾಡಿದ್ದಳು.

"ಮಾಮಾ, ಅರ್ಜಿ ಕೊಡಾಕ ನಾಳೆ ಕಡೀ ದಿನ. ಕೆಮಿಸ್ಟ್ರಿ ಅಂತೂ ಪಕ್ಕಾ. ಅದರ ಜೋಡಿ ಏನ್ ತಗೊಳ್ಳಲಿ?"

ನನ್ನನ್ನು ಈ ಪ್ರಶ್ನೆ ಯಾರೂ ಕೇಳಿರಲಿಲ್ಲ. ನಮ್ಮ ಕಾಲೇಜಿನಲ್ಲಿ ಇದ್ದದ್ದೇ ಎರಡು ಕಾಂಬಿನೇಷನ್. ಗಣಿತ ಬಂದವರಿಗೆ ಪಿಸಿಎಂ (ಫಿಸಿಕ್ಸ್, ಕೆಮಿಸ್ಟ್ರಿ, ಮ್ಯಾಥ್ಸ್), ಬರದವರಿಗೆ ಸಿಬಿಝಡ್ (ಕೆಮಿಸ್ಟ್ರಿ, ಬಾಟನಿ, ಜುವಾಲಜಿ). ಕೌಂಟರ್‌ನಲ್ಲಿ ಕೂತಿದ್ದ ಕ್ಲರ್ಕು ನನ್ನ ಮಾರ್ಕ್ಸ್ ಕಾರ್ಡಿನ ಗಣಿತದ ಸಾಲಿನ ಮೇಲೆ ಒಮ್ಮೆ ಕಣ್ಣಾಡಿಸಿ, ಅರ್ಜಿಯ ಮೂಲೆಯಲ್ಲಿ ಪೆನ್ಸಿಲಿನಿಂದ ಸಿಬಿಝಡ್ ಅಂತ ಬರೆದರು. ಅಷ್ಟೇ. ಆ ಮೂರು ಅಕ್ಷರ ಮುಂದೆ ಯಾವ ಅರ್ಜಿ ತುಂಬಿದರೂ ಬೆನ್ನಿಗೆ ಬರುತ್ತದೆ ಅನ್ನೋದು ಆಗ ಗೊತ್ತಿರಲಿಲ್ಲ.

ಒಂದು ವಿಷಯ ಗಮನಿಸಿ. ಪಿಸಿಎಂ, ಸಿಬಿಝಡ್ ಎರಡರಲ್ಲೂ ಇರೋದು ಕೆಮಿಸ್ಟ್ರಿ ಒಂದೇ. ಫಿಸಿಕ್ಸು ಬಾಟನಿಯ ಮನೆಗೆ ಹೋಗಲ್ಲ, ಮ್ಯಾಥ್ಸು ಜುವಾಲಜಿಯ ಮುಖ ನೋಡಲ್ಲ. ಕೆಮಿಸ್ಟ್ರಿ ಮಾತ್ರ ಎರಡೂ ಕಡೆಯ ನೆಂಟ. ಹಾಗಾಗಿ ಕೆಮಿಸ್ಟ್ರಿ ಆರಿಸಿದ ಹುಡುಗ ಹುಡುಗಿಯರ ಆಯ್ಕೆ ಅಲ್ಲಿಗೆ ಮುಗಿಯಲ್ಲ, ಅಲ್ಲಿಂದ ಶುರುವಾಗುತ್ತದೆ. ಕೆಮಿಸ್ಟ್ರಿಯ ಪಕ್ಕದಲ್ಲಿ ಕೂರೋ ಅಕ್ಷರಗಳೇ ಮುಂದಿನ ದಾರಿಯನ್ನು ಜಾಸ್ತಿ ತೀರ್ಮಾನಿಸುತ್ತವೆ.

ಇನ್ನು ನಮ್ಮ ರಾಜ್ಯದಲ್ಲಿ ಐದು ವರ್ಷದೊಳಗೆ ಈ ಅಕ್ಷರಗಳ ಆಟವೇ ಎರಡು ಸಲ ಬದಲಾಯಿತು. ಮೊದಲು ಮೂರು ವರ್ಷ, ಮೂರು ವಿಷಯ, ಮೂರಕ್ಕೂ ಸಮಪಾಲು. 2021ರಲ್ಲಿ ದೇಶದಲ್ಲೇ ಮೊದಲು ಅನ್ನಿಸಿಕೊಂಡು ರಾಷ್ಟ್ರೀಯ ಶಿಕ್ಷಣ ನೀತಿ ಇಲ್ಲಿ ಜಾರಿಗೆ ಬಂತು. ಆಗ ಮುಖ್ಯ ವಿಷಯ ಎರಡಾದವು, ಬೇರೆ ವಿಭಾಗದ್ದೊಂದು ವಿಷಯ ಓದೋ ಓಪನ್ ಎಲೆಕ್ಟಿವ್ ಬಂತು, ನಾಲ್ಕನೇ ವರ್ಷ ಓದಿದರೆ ಆನರ್ಸ್ ಅಂತಾಯಿತು. 2024ರ ಮೇ ತಿಂಗಳಲ್ಲಿ ಸರ್ಕಾರ ಅದನ್ನು ಕೈಬಿಟ್ಟಿತು. ಸುಖದೇವ್ ಥೋರಟ್ ನೇತೃತ್ವದ ರಾಜ್ಯ ಶಿಕ್ಷಣ ನೀತಿ ಆಯೋಗದ ಮಧ್ಯಂತರ ವರದಿಯಂತೆ 2024-25ರಿಂದ ಮತ್ತೆ ಮೂರು ವರ್ಷ, ಮೂರು ವಿಷಯ. ನಡುವೆ ಸೇರಿದವರು ತಮ್ಮ ಹಳೇ ದಾರಿಯಲ್ಲೇ ಮುಗಿಸಬಹುದು ಅಂದರು. ಅಂದರೆ ಈಗ ಒಂದೇ ಮನೆಯಲ್ಲಿ ಅಣ್ಣನದು ಎರಡು ವಿಷಯದ ಪದವಿ, ತಂಗಿಯದು ಮೂರು ವಿಷಯದ ಪದವಿ ಇರಬಹುದು. ಇಬ್ಬರೂ ಕೆಮಿಸ್ಟ್ರಿ ಓದಿದವರೇ.

ಓಪನ್ ಎಲೆಕ್ಟಿವ್ ಬಗ್ಗೆ ನನಗೆ ಒಳ್ಳೇ ಆಸೆ ಇತ್ತು. ಕೆಮಿಸ್ಟ್ರಿ ಓದೋನು ಅರ್ಥಶಾಸ್ತ್ರವನ್ನೋ ಪತ್ರಿಕೋದ್ಯಮವನ್ನೋ ಒಂದಿಷ್ಟು ನೋಡಲಿ ಅನ್ನೋದು ಕೆಟ್ಟ ವಿಚಾರ ಅಲ್ಲವೇ ಅಲ್ಲ. ಆದರೆ ತಾಲ್ಲೂಕು ಕಾಲೇಜಿನಲ್ಲಿ ಆಯ್ಕೆ ಅಂದರೆ ಯಾವ ಮೇಷ್ಟ್ರಿಗೆ ಪೀರಿಯಡ್ ಕಮ್ಮಿ ಇದೆಯೋ ಅವರ ವಿಷಯ. ನೀತಿ ಯಾವುದೇ ಬರಲಿ, ಮೇಷ್ಟ್ರು, ಲ್ಯಾಬು ಇದ್ದರೆ ತಾನೇ ಕಾಂಬಿನೇಷನ್ನು?

ಅದಿರಲಿ. ಈ ಅಕ್ಷರಗಳು ಎಲ್ಲೆಲ್ಲಿ ಬಾಗಿಲು ತೆಗೆಯುತ್ತವೆ, ಎಲ್ಲೆಲ್ಲಿ ಹಾಕುತ್ತವೆ ಅಂತ ನೋಡೋಣ.

ಮೊದಲನೆಯದು ಮೇಷ್ಟ್ರ ಕೆಲಸ. ಸರ್ಕಾರಿ ಹೈಸ್ಕೂಲಿನಲ್ಲಿ ವಿಜ್ಞಾನದ ಹುದ್ದೆಗಳಿಗೇ ಪಿಸಿಎಂ, ಸಿಬಿಝಡ್ ಅಂತ ಹೆಸರು. ಊರಲ್ಲೂ ಹಾಗೇ ಕರೆಯುತ್ತಾರೆ, "ಸಿಬಿಝಡ್ ಸರ್ ಬಂದ್ರೇನು?" ಅಂತ. ಬಿಎಡ್ ಮಾಡಿ ಮೇಷ್ಟ್ರಾಗಬೇಕು ಅನ್ನೋ ಆಸೆ ಇದ್ದರೆ ಇದು ಬಹಳ ಮುಖ್ಯ. ಕೆಮಿಸ್ಟ್ರಿ, ಮೈಕ್ರೋಬಯಾಲಜಿ, ಬಯೋಟೆಕ್ ಅಂತ ಕೇಳೋಕೆ ಹೊಸದಾಗಿರೋ ಕಾಂಬಿನೇಷನ್ ತಗೊಂಡರೆ, ನೇಮಕಾತಿ ಅಧಿಸೂಚನೆ ಬಂದ ದಿನ ಅದರ ಸಣ್ಣಕ್ಷರ ಓದುತ್ತಾ ಬೆವರಬೇಕಾಗುತ್ತದೆ. ಮೈಸೂರಿನ ಪ್ರಾದೇಶಿಕ ಶಿಕ್ಷಣ ಸಂಸ್ಥೆಯಂಥ ಕಡೆ ಬಿಎಸ್ಸಿ, ಬಿಎಡ್ ಎರಡನ್ನೂ ಕೂಡಿಸಿ ನಾಲ್ಕು ವರ್ಷಕ್ಕೆ ಓದಬಹುದು. ಒಂದು ವರ್ಷ ಉಳಿಯುತ್ತದೆ.

ಎರಡನೆಯದು ಫುಡ್ ಸೇಫ್ಟಿ ಆಫೀಸರ್ ಹುದ್ದೆ. ಹೋಟೆಲಿಗೆ ಬಂದು ಎಣ್ಣೆ, ಹಾಲು, ಗೋಬಿಮಂಚೂರಿಯ ಸ್ಯಾಂಪಲ್ ತಗೊಂಡು ಹೋಗುತ್ತಾರಲ್ಲ, ಅವರು. ಅಲ್ಲಿ ಕಲಬೆರಕೆ ಅಂದರೆ ಪೂರ್ತಿ ಕೆಮಿಸ್ಟ್ರಿ. 2024ರ ಮಾರ್ಚ್‌ನಲ್ಲಿ ನಮ್ಮ ಸರ್ಕಾರ ಬಾಂಬೆ ಮಿಠಾಯಿಗೆ ಹಾಕುತ್ತಿದ್ದ ರೋಡಮಿನ್ ಬಿ ಅನ್ನೋ ಬಣ್ಣ, ಗೋಬಿಮಂಚೂರಿಗೆ ಹಾಕುತ್ತಿದ್ದ ಕೃತಕ ಬಣ್ಣ ನಿಷೇಧಿಸಿದ್ದು ಲ್ಯಾಬ್ ವರದಿ ನೋಡಿಯೇ. ಆದರೆ 2011ರ ಆಹಾರ ಸುರಕ್ಷತಾ ನಿಯಮದಲ್ಲಿ ಈ ಹುದ್ದೆಯ ವಿದ್ಯಾರ್ಹತೆ ನೋಡಿ. ಬಯೋಕೆಮಿಸ್ಟ್ರಿಗೆ, ಮೈಕ್ರೋಬಯಾಲಜಿಗೆ, ಬಯೋಟೆಕ್ನಾಲಜಿಗೆ ಬರೀ ಪದವಿ ಸಾಕು. ಕೆಮಿಸ್ಟ್ರಿಗೆ ಮಾತ್ರ ಸ್ನಾತಕೋತ್ತರ ಪದವಿ ಬೇಕು! ಅಂದರೆ ಪಿಸಿಎಂ ಮುಗಿಸಿದವರು ಇನ್ನೂ ಎರಡು ವರ್ಷ ಎಂಎಸ್ಸಿ ಓದಬೇಕು. ಪಕ್ಕದ ಬೆಂಚಿನಲ್ಲಿ ಬಯೋಕೆಮಿಸ್ಟ್ರಿ ಓದಿದವರಿಗೆ ಆ ಎರಡು ವರ್ಷದ ಕಾಯುವಿಕೆ ಇಲ್ಲ. ಮೂರರಲ್ಲಿ ಒಂದು ವಿಷಯವಾಗಿ ಓದಿದ್ದು ಸಾಕೇ, ಪೂರ್ತಿ ಅದರಲ್ಲೇ ಪದವಿ ಬೇಕೇ ಅನ್ನೋದನ್ನು ಆಯಾ ಅಧಿಸೂಚನೆ ನೋಡಿಯೇ ಖಚಿತ ಮಾಡಿಕೊಳ್ಳಬೇಕು. ಹದಿನೆಂಟು ವರ್ಷದ ಮಗುವಿಗೆ ಇದನ್ನೆಲ್ಲ ಅರ್ಜಿ ತುಂಬುವ ದಿನ ಯಾರು ಹೇಳುತ್ತಾರೆ?

ಇದೇ ಥರದ ಇನ್ನೊಂದು, ಹಳ್ಳಿ ಕಡೆಯವರಿಗೆ ಉಪಯೋಗಕ್ಕೆ ಬರುವಂಥದ್ದು. ಕೀಟನಾಶಕ ಮಾರುವ ಅಂಗಡಿಗೆ ಲೈಸೆನ್ಸ್ ಬೇಕಾದರೆ ಈಗ ವಿದ್ಯಾರ್ಹತೆ ಕೇಳುತ್ತಾರೆ. ಕೃಷಿ ಪದವಿ ಜೊತೆಗೆ ಕೆಮಿಸ್ಟ್ರಿ, ಬಾಟನಿ ಅಥವಾ ಜುವಾಲಜಿ ಓದಿದ ವಿಜ್ಞಾನ ಪದವಿಯೂ ಅಲ್ಲಿ ನಡೆಯುತ್ತದೆ. ಗೊಬ್ಬರದ ಅಂಗಡಿಯಲ್ಲಿ ಕೂತು, ಡಬ್ಬಿ ಮೇಲಿನ ಕೆಂಪು ತ್ರಿಕೋನ ಅಂದರೆ ಏನು, ಹಸಿರು ಅಂದರೆ ಏನು ಅಂತ ರೈತನಿಗೆ ತಿಳಿಯೋ ಹಾಗೆ ಹೇಳೋದು ಸಣ್ಣ ಕೆಲಸ ಅಂತ ನನಗೆ ಅನ್ನಿಸಲ್ಲ.

ಪರೀಕ್ಷೆಗಳ ವಿಷಯಕ್ಕೆ ಬಂದರೆ ಸಿಬಿಝಡ್‌ನವರಿಗೆ ಒಂದು ಸಂತೋಷದ ಸುದ್ದಿ ಇದೆ. ಎಂಟೆಕ್, ಪಿಎಚ್‌ಡಿ ಸೇರೋಕೆ ಬರೆಯೋ ಗೇಟ್ ಪರೀಕ್ಷೆಯ ಲೈಫ್ ಸೈನ್ಸಸ್ ಪತ್ರಿಕೆಯಲ್ಲಿ ಕೆಮಿಸ್ಟ್ರಿ ಕಡ್ಡಾಯ, ಅದಕ್ಕೆ 25 ಅಂಕ. ಬಯೋಕೆಮಿಸ್ಟ್ರಿ, ಬಾಟನಿ, ಮೈಕ್ರೋಬಯಾಲಜಿ, ಜುವಾಲಜಿ, ಫುಡ್ ಟೆಕ್ನಾಲಜಿ ಇವುಗಳಲ್ಲಿ ಎರಡನ್ನು ಆರಿಸಿಕೊಳ್ಳಬೇಕು. ಕೆಮಿಸ್ಟ್ರಿ, ಬಾಟನಿ, ಜುವಾಲಜಿ ಅಂದರೆ ನಮ್ಮ ಸಿಬಿಝಡ್ಡೇ ಆಯಿತಲ್ವಾ! ಆದರೆ ಐಐಟಿಗಳಲ್ಲಿ ಎಂಎಸ್ಸಿ ಕೆಮಿಸ್ಟ್ರಿ ಮಾಡಬೇಕು ಅಂದರೆ ಹಲವು ಕಡೆ ಕನಿಷ್ಠ ಪಿಯುಸಿಯಲ್ಲಾದರೂ ಗಣಿತ ಓದಿರಬೇಕು ಅನ್ನುತ್ತಾರೆ.

ಇಲ್ಲೇ ನನ್ನ ಅಭಿಪ್ರಾಯ ಹೇಳಿಬಿಡುತ್ತೇನೆ. 'ಯಾವುದಕ್ಕೆ ಸ್ಕೋಪ್ ಇದೆ' ಅನ್ನೋ ಪ್ರಶ್ನೆಯಿಂದ ಏನೂ ಸಿಗಲ್ಲ. ನಾನು ಓದುವಾಗ ಬಯೋಟೆಕ್‌ಗೆ ಸ್ಕೋಪ್ ಇತ್ತು. ಆಮೇಲೆ ಬಯೋಇನ್ಫರ್ಮ್ಯಾಟಿಕ್ಸ್ ಅಂದರು. ಈಗ ಎಲ್ಲರ ಬಾಯಲ್ಲೂ ಎಐ. ಅದರ ಬದಲು ಎರಡು ಪ್ರಶ್ನೆ ಕೇಳಿಕೊಳ್ಳಬೇಕು. ಒಂದು, ಯಾವುದನ್ನು ಈಗ ಬಿಟ್ಟರೆ ಮುಂದೆ ಮತ್ತೆ ಹಿಡಿಯೋದು ಕಷ್ಟ? ಇನ್ನೊಂದು, ಕೆಮಿಸ್ಟ್ರಿ ಲ್ಯಾಬಿನಿಂದ ಹೊರಡೋ ಅಂಕಿ ಯಾರ ಕೈಗೆ ಹೋಗಿ ದುಡ್ಡಾಗುತ್ತದೆ, ಇಲ್ಲ ತೀರ್ಪಾಗುತ್ತದೆ? ಮೊದಲನೆಯದಕ್ಕೆ ನನ್ನ ಉತ್ತರ ಗಣಿತ. ಬಾಟನಿಯ ಪುಸ್ತಕವನ್ನು ಮೂವತ್ತನೇ ವಯಸ್ಸಿನಲ್ಲಿ ತೆರೆದು ಓದಿಕೊಳ್ಳಬಹುದು. ಇಂಟಿಗ್ರೇಷನ್ ಹಾಗಲ್ಲ. ಕೈ ಬಿಟ್ಟು ಐದು ವರ್ಷವಾದರೆ ಅದು ಅಪರಿಚಿತ ಊರು. ಸಿಬಿಝಡ್ ಓದಿದ ನಾನು ಎಂಎಸ್ಸಿಯಲ್ಲಿ ಕ್ವಾಂಟಮ್ ಕೆಮಿಸ್ಟ್ರಿ ಪತ್ರಿಕೆಯ ಮುಂದೆ ಕೂತು ಪಟ್ಟ ಪಾಡು ನನಗೇ ಗೊತ್ತು. ಮೇಷ್ಟ್ರು ಬೋರ್ಡಿನ ಮೇಲೆ ಡೆಲ್ ಸ್ಕ್ವೇರ್ ಅನ್ನೋ ಗಣಿತದ ಚಿಹ್ನೆ ಬರೆದರೆ ನಾನು ಅದನ್ನು ತಲೆಕೆಳಗಾದ ತ್ರಿಕೋನ ಅಂತಲೇ ನೋಟ್ಸಿನಲ್ಲಿ ಬಿಡಿಸಿಕೊಂಡಿದ್ದೆ.

ಎರಡನೇ ಪ್ರಶ್ನೆಗೆ ಉತ್ತರ ಅಕ್ಕನ ಹೊಲದಲ್ಲೇ ಇದೆ.

2025ರ ನವೆಂಬರ್‌ನಲ್ಲಿ ಬೆಳಗಾವಿ ಜಿಲ್ಲೆಯ ಗುರ್ಲಾಪುರ ಕ್ರಾಸಿನಲ್ಲಿ ಕಬ್ಬು ಬೆಳೆಗಾರರು ಕೂತಿದ್ದು ನೆನಪಿದೆಯಲ್ಲ? ಟನ್ನಿಗೆ 3,500 ರೂಪಾಯಿ ಕೊಡಿ ಅಂತ. ಆ ಜಗಳದ ನಡುವೆ ಪದೇ ಪದೇ ಕೇಳಿಬಂದ ಮಾತು 'ರಿಕವರಿ'. ಅಂದರೆ ಇಳುವರಿ. ನೂರು ಕಿಲೋ ಕಬ್ಬು ಅರೆದರೆ ಎಷ್ಟು ಕಿಲೋ ಸಕ್ಕರೆ ಬಂತು ಅನ್ನೋ ಲೆಕ್ಕ. ಕೇಂದ್ರ ಸರ್ಕಾರ 2025-26ನೇ ಹಂಗಾಮಿಗೆ ನಿಗದಿ ಮಾಡಿದ ಎಫ್‌ಆರ್‌ಪಿ, ಅಂದರೆ ಫ್ಯಾಕ್ಟರಿ ರೈತನಿಗೆ ಕೊಡಲೇಬೇಕಾದ ಕನಿಷ್ಠ ಬೆಲೆ, ಕ್ವಿಂಟಲ್‌ಗೆ 355 ರೂಪಾಯಿ. ಆದರೆ ಅದು ಇಳುವರಿ ಶೇ 10.25 ಇದ್ದರೆ. ಅದಕ್ಕಿಂತ ಮೇಲೆ ಪ್ರತಿ 0.1ಕ್ಕೆ ಕ್ವಿಂಟಲ್‌ಗೆ 3.46 ರೂಪಾಯಿ ಜಾಸ್ತಿ. ಕೆಳಗಿಳಿದರೆ ಅಷ್ಟೇ ಕಮ್ಮಿ. 9.5ಕ್ಕಿಂತ ಕೆಳಗೆ ಎಷ್ಟೇ ಇಳಿದರೂ 329.05 ರೂಪಾಯಿ ಸಿಗುತ್ತದೆ.

0.1 ಅಂದರೆ ಏನು ಮಹಾ ಅನ್ನಿಸಬಹುದು. ಲೆಕ್ಕ ಹಾಕಿ. ಟನ್ನಿಗೆ 34 ರೂಪಾಯಿ 60 ಪೈಸೆ. ಎಕರೆಗೆ 40 ಟನ್ ಬೆಳೆದರೆ 1,384 ರೂಪಾಯಿ. ಅರ್ಧ ಪರ್ಸೆಂಟ್ ಹೆಚ್ಚುಕಮ್ಮಿಯಾದರೆ ಎಕರೆಗೆ 6,920. ಅಕ್ಕನ ಮೂರು ಎಕರೆಗೆ 20 ಸಾವಿರದ ಮೇಲೆ. ಅದು ಈ ಹುಡುಗಿಯ ವರ್ಷದ ಬಸ್ ಪಾಸು, ಪುಸ್ತಕ, ಹಾಸ್ಟೆಲ್ ಎಲ್ಲ ಸೇರಿದ ಖರ್ಚು.

ಇನ್ನು ಆ ಅಂಕಿ ಹುಟ್ಟೋದು ಎಲ್ಲಿ? ಫ್ಯಾಕ್ಟರಿಯ ಲ್ಯಾಬಿನಲ್ಲಿ. ಕಬ್ಬಿನ ರಸದಲ್ಲಿ ಕರಗಿರೋ ಎಲ್ಲ ಘನ ಪದಾರ್ಥದ ಪ್ರಮಾಣಕ್ಕೆ ಬ್ರಿಕ್ಸ್ ಅನ್ನುತ್ತಾರೆ. ಅದರಲ್ಲಿ ಸಕ್ಕರೆ ಎಷ್ಟು ಅನ್ನೋದಕ್ಕೆ ಪೋಲ್. ರಸಕ್ಕೆ ಸೀಸದ ಅಸಿಟೇಟ್ ಹಾಕಿ ತಿಳಿಯಾಗಿಸಿ, ಸೋಸಿ, ಉದ್ದನೆಯ ಟ್ಯೂಬಿಗೆ ತುಂಬಿ ಪೋಲಾರಿಮೀಟರ್‌ನಲ್ಲಿ ಇಡುತ್ತಾರೆ. ಸುಕ್ರೋಸ್, ಅಂದರೆ ನಮ್ಮ ಸಕ್ಕರೆ, ಹಾಯ್ದು ಹೋಗೋ ಬೆಳಕಿನ ಕಂಪನದ ದಿಕ್ಕನ್ನು ಬಲಕ್ಕೆ ತಿರುಗಿಸುತ್ತದೆ. ಎಷ್ಟು ತಿರುಗಿಸಿತು ಅನ್ನೋದರಿಂದ ಪೋಲ್ ಸಿಗುತ್ತದೆ. ಪೋಲನ್ನು ಬ್ರಿಕ್ಸ್‌ನಿಂದ ಭಾಗಿಸಿದರೆ ಶುದ್ಧತೆ. ಬಿಎಸ್ಸಿ ಎರಡನೇ ವರ್ಷದಲ್ಲಿ 'ಆಪ್ಟಿಕಲ್ ರೊಟೇಷನ್' ಅಂತ ಬಾಯಿಪಾಠ ಮಾಡಿ ಐದು ಅಂಕಕ್ಕೆ ಬರೆಯುತ್ತಾರಲ್ಲ, ಅದೇ ಇದು. ಹೊಲದಲ್ಲಿ ನಿಂತ ರೈತನಿಗೆ ಪೋಲಾರಿಮೀಟರ್ ಕಾಣಲ್ಲ. ಲ್ಯಾಬಿನಲ್ಲಿ ಕೂತ ಕೆಮಿಸ್ಟ್‌ಗೆ ಹೊಲದ ಸಾಲ ಕಾಣಲ್ಲ.

ಈಗ ಇದಕ್ಕೆ ಇಥನಾಲ್ ಬೇರೆ ಸೇರಿಕೊಂಡಿದೆ. ಪೆಟ್ರೋಲಿಗೆ ಶೇ 20 ಇಥನಾಲ್ ಬೆರೆಸುವ ಮಟ್ಟಕ್ಕೆ ದೇಶ ಬಂದಿದೆ. ಕಬ್ಬಿನ ರಸವನ್ನೇ ಅಥವಾ ಸಕ್ಕರೆ ಇನ್ನೂ ಉಳಿದಿರುವ ಬಿ-ಹೆವಿ ಕಾಕಂಬಿಯನ್ನು ಇಥನಾಲ್‌ಗೆ ತಿರುಗಿಸಿದರೆ, ಚೀಲಕ್ಕೆ ಬೀಳೋ ಸಕ್ಕರೆ ಕಮ್ಮಿಯಾಗುತ್ತದೆ. ಕಾಗದದ ಮೇಲೆ ಇಳುವರಿ ಇಳಿಯುತ್ತದೆ. ಆ ಸಕ್ಕರೆಯನ್ನು ಲೆಕ್ಕಕ್ಕೆ ವಾಪಸ್ ಸೇರಿಸಬೇಕು. ಎಷ್ಟು ಸೇರಿಸಬೇಕು? ಒಂದು ಸುಕ್ರೋಸ್ ಅಣು ಹುದುಗಿದರೆ ನಾಲ್ಕು ಇಥನಾಲ್ ಅಣು. ಸುಕ್ರೋಸಿನ ಅಣುತೂಕ 342, ಇಥನಾಲಿನದು 46. ಒಂದು ಕಿಲೋ ಸಕ್ಕರೆಯಿಂದ ಹೆಚ್ಚೆಂದರೆ 538 ಗ್ರಾಂ, ಅಂದರೆ ಸುಮಾರು 0.68 ಲೀಟರ್ ಇಥನಾಲ್. ಇದು ಪುಸ್ತಕದ ಲೆಕ್ಕ. ಯೀಸ್ಟ್ ತಾನೂ ಸ್ವಲ್ಪ ತಿನ್ನೋದರಿಂದ ನಿಜದಲ್ಲಿ ಇನ್ನೂ ಕಮ್ಮಿ ಬರುತ್ತದೆ. ಈ ಲೆಕ್ಕ ಮಾಡೋಕೆ ಪಿಯುಸಿ ಕೆಮಿಸ್ಟ್ರಿ ಸಾಕು. ಆದರೆ ಬೆಲೆ ನಿಗದಿ ಸಭೆಯಲ್ಲಿ ಇದನ್ನು ರೈತರ ಪರವಾಗಿ ಕೂತು ಬಿಡಿಸಿ ಹೇಳೋರು ಎಷ್ಟು ಜನ? ಅಲ್ಲಿ ಬೇಕಾಗಿರೋದು ಕೆಮಿಸ್ಟ್ರಿಯ ಜೊತೆ ಅರ್ಥಶಾಸ್ತ್ರ ಗೊತ್ತಿರೋ ಮನುಷ್ಯ. ಕೆಮಿಸ್ಟ್ರಿ, ಅರ್ಥಶಾಸ್ತ್ರ ಎರಡನ್ನೂ ಒಟ್ಟಿಗೆ ಕೊಡೋ ಬಿಎಸ್ಸಿ ನಮ್ಮ ಕಡೆ ಹುಡುಕಿದರೂ ಸಿಗಲ್ಲ. ಬೆಳಗಾವಿಯ ನಿಜಲಿಂಗಪ್ಪ ಸಕ್ಕರೆ ಸಂಸ್ಥೆ, ಕಾನ್ಪುರದ ರಾಷ್ಟ್ರೀಯ ಸಕ್ಕರೆ ಸಂಸ್ಥೆ ಬಿಎಸ್ಸಿ ಆದವರಿಗೆ ಸಕ್ಕರೆ ತಂತ್ರಜ್ಞಾನ ಕಲಿಸುತ್ತವೆ. ಅಲ್ಲೂ ಸಾಮಾನ್ಯವಾಗಿ ಫಿಸಿಕ್ಸ್, ಕೆಮಿಸ್ಟ್ರಿ, ಮ್ಯಾಥ್ಸ್ ಓದಿದವರಿಗೇ ದಾರಿ ಸಲೀಸು. ನೋಡಿ, ಗಣಿತ ಮತ್ತೆ ಬಂತು.

ಕಾನೂನಿನ ಕಡೆ ಹೋಗೋ ಕೆಮಿಸ್ಟ್ರಿಯವರು ನಮ್ಮಲ್ಲಿ ಕಮ್ಮಿ. ಯಾಕೋ ಗೊತ್ತಿಲ್ಲ, ಬಿಎಸ್ಸಿ ಆದಮೇಲೆ ಎಲ್ಎಲ್‌ಬಿ ಅಂದರೆ "ಓದಿದ್ದು ವೇಸ್ಟ್ ಆಯ್ತಲ್ಲ" ಅನ್ನುತ್ತಾರೆ. ಮಾರ್ಗರೆಟ್ ಥ್ಯಾಚರ್ ಆಕ್ಸ್‌ಫರ್ಡ್‌ನಲ್ಲಿ ಓದಿದ್ದು ಕೆಮಿಸ್ಟ್ರಿ, ಪ್ಲಾಸ್ಟಿಕ್ ಕಂಪನಿಯಲ್ಲಿ ಕೆಲಸ ಮಾಡಿ ಆಮೇಲೆ ವಕೀಲೆಯಾದರು. ಅದು ದೂರದ ಮಾತಾಯಿತು. ಹತ್ತಿರದ್ದು ಗ್ಲಿವೆಕ್ ಕೇಸು. ರಕ್ತದ ಕ್ಯಾನ್ಸರ್‌ನ ಔಷಧ ಇಮಾಟಿನಿಬ್. ಅದರ ಮೆಸಿಲೇಟ್ ಲವಣದ 'ಬೀಟಾ ಸ್ಫಟಿಕ ರೂಪ'ಕ್ಕೆ ಪೇಟೆಂಟ್ ಕೊಡಿ ಅಂತ ನೊವಾರ್ಟಿಸ್ ಕಂಪನಿ ಕೇಳಿತ್ತು. ಈ ರೂಪ ಚೆನ್ನಾಗಿ ಹರಿಯುತ್ತದೆ, ತೇವ ಕಮ್ಮಿ ಹೀರುತ್ತದೆ, ಹೆಚ್ಚು ಸ್ಥಿರ ಅನ್ನೋದು ವಾದ. ನಮ್ಮ ಪೇಟೆಂಟ್ ಕಾಯ್ದೆಯ 3(ಡಿ) ಕಲಂ ಏನನ್ನುತ್ತದೆ ಅಂದರೆ, ಗೊತ್ತಿರುವ ವಸ್ತುವಿನ ಹೊಸ ರೂಪಕ್ಕೆ, ಅದರ ಪರಿಣಾಮ ಹೆಚ್ಚದಿದ್ದರೆ ಪೇಟೆಂಟ್ ಇಲ್ಲ. 2013ರ ಏಪ್ರಿಲ್ 1ರಂದು ಸುಪ್ರೀಂ ಕೋರ್ಟ್, ಔಷಧದ ವಿಷಯದಲ್ಲಿ ಪರಿಣಾಮ ಅಂದರೆ ರೋಗ ವಾಸಿಮಾಡುವ ಪರಿಣಾಮ, ಪುಡಿ ಚೆನ್ನಾಗಿ ಹರಿಯೋದಲ್ಲ ಅಂತ ಹೇಳಿ ಅರ್ಜಿ ತಳ್ಳಿಹಾಕಿತು. ಆಗ ಕಂಪನಿಯ ಮಾತ್ರೆಗೆ ತಿಂಗಳಿಗೆ ಸುಮಾರು 1.2 ಲಕ್ಷ ರೂಪಾಯಿ, ಅದೇ ಔಷಧವನ್ನು ಬೇರೆ ಕಂಪನಿಗಳು ಮಾಡೋ ಜನರಿಕ್‌ಗೆ ಎಂಟು-ಹತ್ತು ಸಾವಿರ ಅಂತ ಪತ್ರಿಕೆಗಳು ಬರೆದಿದ್ದವು.

ಪಾಲಿಮಾರ್ಫಿಸಂ ಅನ್ನೋ ಪಾಠ, ಅಂದರೆ ಒಂದೇ ವಸ್ತು ಬೇರೆ ಬೇರೆ ಸ್ಫಟಿಕವಾಗಿ ಕೂರೋದು, ಕ್ಲಾಸಿನಲ್ಲಿ ಅರ್ಧ ಗಂಟೆಯಲ್ಲಿ ಮುಗಿಯುತ್ತದೆ. ಕೋರ್ಟಿನಲ್ಲಿ ಅದರ ಮೇಲೆ ವರ್ಷಗಟ್ಟಲೆ ವಾದ ನಡೆಯಿತು. ಇಂಥ ಕಡೆ ಕೆಲಸ ಮಾಡೋಕೆ ವಕೀಲರೇ ಆಗಬೇಕಿಲ್ಲ. ಬೇರೆಯವರ ಪರವಾಗಿ ಪೇಟೆಂಟ್ ಅರ್ಜಿ ಬರೆದು ನಡೆಸೋ ಪೇಟೆಂಟ್ ಏಜೆಂಟ್ ಪರೀಕ್ಷೆಗೆ ವಿಜ್ಞಾನ ಪದವಿ, 21 ವರ್ಷ ವಯಸ್ಸು, ಭಾರತದ ಪೌರತ್ವ ಇದ್ದರೆ ಸಾಕು. ಎಲ್ಎಲ್‌ಬಿ ಕೇಳಲ್ಲ. ನಮ್ಮ ಕೆಮಿಸ್ಟ್ರಿ ವಿಭಾಗಗಳ ನೋಟಿಸ್ ಬೋರ್ಡಿನಲ್ಲಿ ನಾನು ಇದನ್ನು ಒಮ್ಮೆಯೂ ನೋಡಿಲ್ಲ.

ಫೊರೆನ್ಸಿಕ್, ಅಂದರೆ ವಿಧಿವಿಜ್ಞಾನದ ವಿಷಯವನ್ನು ಬೇಗ ಹೇಳಿ ಮುಗಿಸುತ್ತೇನೆ. 2024ರ ಜುಲೈ 1ರಿಂದ ಜಾರಿಗೆ ಬಂದ ಹೊಸ ದಂಡಪ್ರಕ್ರಿಯೆ ಕಾನೂನಿನಲ್ಲಿ, ಏಳು ವರ್ಷ ಅಥವಾ ಅದಕ್ಕಿಂತ ಹೆಚ್ಚು ಶಿಕ್ಷೆ ಇರುವ ಅಪರಾಧ ನಡೆದರೆ ವಿಧಿವಿಜ್ಞಾನ ತಜ್ಞರು ಸ್ಥಳಕ್ಕೆ ಹೋಗಿ ಸಾಕ್ಷ್ಯ ಸಂಗ್ರಹಿಸಬೇಕು ಅಂತಿದೆ. ರಾಜ್ಯಗಳಿಗೆ ಐದು ವರ್ಷದ ಸಮಯ ಕೊಟ್ಟಿದ್ದಾರೆ. ಜನ ಬೇಕೇ ಬೇಕು. ರಾಷ್ಟ್ರೀಯ ವಿಧಿವಿಜ್ಞಾನ ವಿಶ್ವವಿದ್ಯಾಲಯದ ಕ್ಯಾಂಪಸ್ ಧಾರವಾಡಕ್ಕೂ ಬಂದಿದೆ. ಆದರೆ ಟಿವಿ ಸೀರಿಯಲ್ ನೋಡಿ ಹೋಗಬೇಡಿ. ದಿನಪೂರ್ತಿ ಸಾರಾಯಿ, ವಿಷ, ಸುಟ್ಟ ಬಟ್ಟೆಯ ಸ್ಯಾಂಪಲ್ಲು, ಜೊತೆಗೆ ಕೋರ್ಟಿನ ಸಮನ್ಸು.

ಕಂಪ್ಯೂಟರ್ ಬಗ್ಗೆ ಎಲ್ಲರೂ ಕೇಳುತ್ತಾರೆ, ಅಕ್ಕನ ಮಗಳೂ ಕೇಳಿದಳು. ನಮ್ಮ ಕಾಲೇಜುಗಳಲ್ಲಿ ಒಂದು ತಮಾಷೆ ನಡೆದಿದೆ. ಬಿಎಸ್ಸಿಗೆ ಕಂಪ್ಯೂಟರ್ ಸೈನ್ಸ್ ಬಂದಾಗ ಪಿಸಿಎಂ ಮನೆಗೆ ಬಂತು, ಬಂದದ್ದೇ ಕೆಮಿಸ್ಟ್ರಿಯನ್ನು ಹೊರಗೆ ಕಳಿಸಿತು. ಪಿಎಂಸಿಎಸ್ ಆಯಿತು. ಹಾಗಾಗಿ ಕೆಮಿಸ್ಟ್ರಿ ಮತ್ತು ಕಂಪ್ಯೂಟರ್ ಒಟ್ಟಿಗೆ ಓದೋ ಅವಕಾಶ ಬಹಳ ಕಡೆ ಇಲ್ಲ.

ಅದೇ ಹೊತ್ತಿಗೆ ಪ್ರಪಂಚ ಬೇರೆ ಕಡೆ ಹೋಯಿತು. 2024ರ ರಸಾಯನಶಾಸ್ತ್ರ ನೊಬೆಲ್ ಬಂದದ್ದು ಡೇವಿಡ್ ಬೇಕರ್, ಡೆಮಿಸ್ ಹಸಾಬಿಸ್, ಜಾನ್ ಜಂಪರ್ ಅವರಿಗೆ. ಹಸಾಬಿಸ್ ಓದಿದ್ದು ಕಂಪ್ಯೂಟರ್ ಸೈನ್ಸ್, ಪಿಎಚ್‌ಡಿ ಮಾಡಿದ್ದು ಮಿದುಳಿನ ವಿಜ್ಞಾನದಲ್ಲಿ. ಜಂಪರ್ ಪದವಿಯಲ್ಲಿ ಫಿಸಿಕ್ಸ್, ಮ್ಯಾಥ್ಸ್ ಓದಿ, ಆಮೇಲೆ ಥಿಯರೆಟಿಕಲ್ ಕೆಮಿಸ್ಟ್ರಿಯಲ್ಲಿ ಪಿಎಚ್‌ಡಿ ಮಾಡಿದವರು. ಹಸಾಬಿಸ್, ಜಂಪರ್ ಅವರ ಆಲ್ಫಾಫೋಲ್ಡ್ ಅನ್ನೋ ಎಐ ಪ್ರೋಗ್ರಾಮು 20 ಕೋಟಿ ಪ್ರೋಟೀನುಗಳ ಆಕಾರ ಊಹಿಸಿತು. 2009ರಲ್ಲಿ ಇದೇ ನೊಬೆಲ್ ಪಡೆದ ವೆಂಕಿ ರಾಮಕೃಷ್ಣನ್ ಬರೋಡಾದಲ್ಲಿ ಬಿಎಸ್ಸಿ ಓದಿದ್ದು ಫಿಸಿಕ್ಸ್. ಫಿಸಿಕ್ಸಿನಲ್ಲೇ ಪಿಎಚ್‌ಡಿ ಮುಗಿಸಿ, ಮತ್ತೆ ಮೊದಲಿನಿಂದ ಬಯಾಲಜಿ ಕಲಿಯೋಕೆ ಕೂತರು. ಸಿಎನ್‌ಆರ್ ರಾವ್ ಅವರದು ಇನ್ನೊಂದು ದಾರಿ. 1951ರಲ್ಲಿ ಬೆಂಗಳೂರಿನ ಸೆಂಟ್ರಲ್ ಕಾಲೇಜಿನಿಂದ ಬಿಎಸ್ಸಿ ಮುಗಿಸಿ ಹೊರಟವರು, ಘನ ವಸ್ತುಗಳ ಕೆಮಿಸ್ಟ್ರಿ ಹಿಡಿದು ಫಿಸಿಕ್ಸಿನವರ ಹೊಲದಲ್ಲೇ ಉಳುಮೆ ಮಾಡಿದರು.

ಹಾಗಂತ ಪೈಥಾನ್ ಅನ್ನೋ ಪ್ರೋಗ್ರಾಮಿಂಗ್ ಭಾಷೆ ಕಲಿತರೆ ಆಯಿತು ಅನ್ನೋದು ತಪ್ಪು. ಒಂದು ಸಣ್ಣ ಉದಾಹರಣೆ. ಕಂಪ್ಯೂಟರ್‌ಗೆ ಅಣುವನ್ನು ಅಕ್ಷರಗಳಲ್ಲಿ ಹೇಳೋಕೆ ಸ್ಮೈಲ್ಸ್ ಅನ್ನೋ ಬರಹ ಇದೆ. ಇಥನಾಲ್ ಅಂದರೆ ಅದರಲ್ಲಿ 'ಸಿಸಿಓ', ಎರಡು ಕಾರ್ಬನ್, ಒಂದು ಆಕ್ಸಿಜನ್. ಹೈಡ್ರೋಜನ್ ನೀವೇ ತಿಳ್ಕೊಳ್ಳಿ ಅಂತ. ಈಗ ಔಷಧಗಳ ಪಟ್ಟಿಯೊಂದರಲ್ಲಿ ಮೆಟ್‌ಫಾರ್ಮಿನ್ ಇದೆ, ಹತ್ತು ಸಾಲು ಕೆಳಗೆ ಮೆಟ್‌ಫಾರ್ಮಿನ್ ಹೈಡ್ರೋಕ್ಲೋರೈಡ್ ಇದೆ. ಪ್ರೋಗ್ರಾಮಿಗೆ ಅವು ಎರಡು ಬೇರೆ ಬೇರೆ ಸಾಲು. ಕೆಮಿಸ್ಟ್ರಿ ಓದಿದವರಿಗೆ ಗೊತ್ತು, ಸಕ್ಕರೆ ಕಾಯಿಲೆಗೆ ಕೆಲಸ ಮಾಡೋ ಅಣು ಎರಡರಲ್ಲೂ ಒಂದೇ, ಇನ್ನೊಂದು ಅದರ ಲವಣ ಅಂತ. ಇದನ್ನು ನೋಡದೆ ಒಂದು ಸಾಲನ್ನು ಎಐ ಮಾಡೆಲ್‌ಗೆ ಕಲಿಸೋಕೆ, ಇನ್ನೊಂದನ್ನು ಅದರ ಪರೀಕ್ಷೆಗೆ ಇಟ್ಟರೆ, ಅದು ಮೊದಲೇ ನೋಡಿದ ಉತ್ತರ ಕದ್ದು ಬರೆದು ಪಾಸಾಗುತ್ತದೆ. ಇದನ್ನು ಹಿಡಿಯೋದು ಕೋಡಿಂಗ್ ಅಲ್ಲ, ಆಸಿಡ್-ಬೇಸ್ ಪಾಠ.

ಕಾಲೇಜಿನಲ್ಲಿ ಇಲ್ಲದ ವಿಷಯ ಹೊರಗಿನಿಂದ ಸೇರಿಸಿಕೊಳ್ಳೋ ದಾರಿ ಈಗ ಇದೆ. 2022ರಿಂದ ಯುಜಿಸಿ ಒಟ್ಟಿಗೆ ಎರಡು ಪದವಿ ಓದಬಹುದು ಅಂದಿದೆ. ಎರಡೂ ಕ್ಲಾಸಿಗೆ ಹೋಗಿ ಓದೋದಾದರೆ ವೇಳೆ ಒಂದಕ್ಕೊಂದು ಅಡ್ಡ ಬರಬಾರದು. ಒಂದು ಕ್ಲಾಸಿಗೆ ಹೋಗಿ, ಇನ್ನೊಂದು ದೂರಶಿಕ್ಷಣ ಅಥವಾ ಆನ್‌ಲೈನ್ ಆದರೂ ನಡೆಯುತ್ತದೆ. ಐಐಟಿ ಮದ್ರಾಸಿನ ಡೇಟಾ ಸೈನ್ಸ್ ಬಿಎಸ್ ಇಂಥದ್ದೇ. ಮೊದಲ ಹಂತದ ಅರ್ಹತಾ ಪರೀಕ್ಷೆ ದಾಟಿದರೆ ಸೀಟು. ನಡುವೆ ನಿಲ್ಲಿಸಿದರೂ ಮುಗಿಸಿದಷ್ಟಕ್ಕೆ ಸರ್ಟಿಫಿಕೇಟ್ ಅಥವಾ ಡಿಪ್ಲೊಮಾ ಸಿಗುತ್ತದೆ. ಅರ್ಥಶಾಸ್ತ್ರ, ಕಾಮರ್ಸ್ ಬೇಕಾದವರಿಗೆ ಮೈಸೂರಿನ ಮುಕ್ತ ವಿಶ್ವವಿದ್ಯಾಲಯ ಇದೆ.

ಇಷ್ಟು ಹೇಳಿ ಒಂದು ಕಿವಿಮಾತು. ಬೆಳಗ್ಗೆ ಆರೂವರೆ ಬಸ್ಸಿಗೆ ಹೊರಟು, ಸಂಜೆ ಪ್ರಾಕ್ಟಿಕಲ್ ಮುಗಿಸಿ ಏಳಕ್ಕೆ ಮನೆಗೆ ಬರೋ ಮಕ್ಕಳಿಗೆ ಎರಡು ಪದವಿ ಅನ್ನೋದು ಪೇಪರಿನಲ್ಲಿ ಓದಿದಷ್ಟು ಸುಲಭ ಅಲ್ಲ. ಕೆಮಿಸ್ಟ್ರಿಯಲ್ಲಿ ವಾರಕ್ಕೆ ಇಷ್ಟು ಅಂತ ಲ್ಯಾಬ್ ಇದ್ದೇ ಇರುತ್ತದೆ. ಅದನ್ನು ರಾತ್ರಿ ಯೂಟ್ಯೂಬ್ ನೋಡಿ ತುಂಬಿಸೋಕೆ ಆಗಲ್ಲ. ಟೈಟ್ರೇಷನ್‌ನಲ್ಲಿ ಬಣ್ಣ ತಿರುಗೋ ಹನಿ ಯಾವುದು ಅಂತ ಕೈಗೇ ಗೊತ್ತಾಗಬೇಕು. ಮೊದಲ ವರ್ಷ ಸುಮ್ನೆ ಒಂದನ್ನೇ ಓದಲಿ. ಎರಡನೇ ವರ್ಷ ನೋಡಿದರಾಯಿತು.

ವ್ಯಾಪಾರದ ಬಗ್ಗೆ ಒಂದು ಹಳೇ ಕಥೆ ಹೇಳದೆ ಇರೋಕೆ ಆಗ್ತಿಲ್ಲ. ಮೊದಲ ಮಹಾಯುದ್ಧಕ್ಕೆ ಮುಂಚೆ ಮೈಸೂರಿನ ಗಂಧದ ಮರ ಎಣ್ಣೆ ತೆಗೆಯೋಕೆ ಯುರೋಪಿಗೆ, ಮುಖ್ಯವಾಗಿ ಜರ್ಮನಿಗೆ ಹೋಗುತ್ತಿತ್ತು. ಯುದ್ಧ ಬಂದು ಮರ ಇಲ್ಲೇ ರಾಶಿ ಬಿತ್ತು. 1916ರಲ್ಲಿ ಸಂಸ್ಥಾನವೇ ಎಣ್ಣೆ ತೆಗೆಯೋಕೆ ಶುರುಮಾಡಿತು. ಆ ಎಣ್ಣೆಯನ್ನು ಸೋಪಿಗೆ ಹಾಕಿದರೆ ಹೇಗೆ ಅಂತ ಕಲಿಯೋಕೆ ಸೋಸಲೆ ಗರಳಪುರಿ ಶಾಸ್ತ್ರಿ ಅವರನ್ನು ಇಂಗ್ಲೆಂಡಿಗೆ ಕಳಿಸಿದರು. ವಾಪಸ್ ಬಂದ ಅವರಿಗೆ ಜನ ಇಟ್ಟ ಹೆಸರು 'ಸೋಪ್ ಶಾಸ್ತ್ರಿ'. ಎಣ್ಣೆಗೆ ಕ್ಷಾರ ಹಾಕಿದರೆ ಸೋಪು ಅನ್ನೋದು ಎಲ್ಲ ಕೆಮಿಸ್ಟ್‌ಗೂ ಗೊತ್ತು. ಪರಿಮಳ ಹಾರದೆ ಸೋಪಿನಲ್ಲಿ ನಿಲ್ಲೋದು, ಅದನ್ನು ಡಬ್ಬಿಗೆ ಹಾಕಿ ಮಾರೋದು ಬೇರೆ ವಿದ್ಯೆ. ಅದನ್ನು ಅವರು ಕೆಮಿಸ್ಟ್ರಿ ಮುಗಿದ ಮೇಲೆ ಕಲಿತರು, ಮುಂಚೆ ಅಲ್ಲ.

ಇನ್ನು ಕನ್ನಡ. ಬಿಎಸ್ಸಿಯಲ್ಲಿ ಕನ್ನಡ ಇರುತ್ತದೆ, ಮಕ್ಕಳು ಅದನ್ನು ಪಾಸಾದರೆ ಸಾಕು ಅನ್ನೋ ಪತ್ರಿಕೆ ಅಂದುಕೊಂಡಿರುತ್ತಾರೆ. ಕನ್ನಡದಲ್ಲಿ ವಿಜ್ಞಾನ ಬರೆದ ಜೆ.ಆರ್. ಲಕ್ಷ್ಮಣರಾಯರು ರಸಾಯನಶಾಸ್ತ್ರದ ಮೇಷ್ಟ್ರಾಗಿದ್ದವರು. ಅವರು ಬರೆದ ಕನ್ನಡದಲ್ಲಿ ಪರಮಾಣು ಅನ್ನೋದು ಪಕ್ಕದ ಮನೆಯವರ ವಿಷಯದ ಹಾಗೆ ಇರುತ್ತಿತ್ತು. ನೀರಿನ ಫ್ಲೋರೈಡ್ ವರದಿ, ಮಣ್ಣಿನ ಆರೋಗ್ಯ ಕಾರ್ಡು, ಔಷಧದ ಚೀಟಿ ಇವನ್ನೆಲ್ಲ ನೆಟ್ಟಗಿನ ಕನ್ನಡದಲ್ಲಿ ಹೇಳೋರು ಇವತ್ತಿಗೂ ಸಾಲದು.

ಅಕ್ಕನ ಮಗಳು ಕೊನೆಗೆ ಪಿಸಿಎಂ ತಗೊಂಡಳು. ಬಾಟನಿ ಬಿಡೋಕೆ ಅವಳಿಗೆ ಮನಸ್ಸಿರಲಿಲ್ಲ. ಗಿಡ ಒತ್ತಿಟ್ಟ ಹರ್ಬೇರಿಯಂ ಪುಸ್ತಕ ಇನ್ನೂ ಟ್ರಂಕಿನಲ್ಲಿದೆ. ನಾನು ಹೇಳಿದ್ದಕ್ಕೆ ತಗೊಂಡಳೋ, ಗೆಳತಿ ತಗೊಂಡಳು ಅಂತ ತಗೊಂಡಳೋ, ಕೇಳೋಕೆ ಹೋಗಿಲ್ಲ.

ಸಂಕ್ರಾಂತಿಗೆ ಊರಿಗೆ ಹೋದಾಗ ಭಾವ ಫ್ಯಾಕ್ಟರಿಯ ಕಬ್ಬಿನ ಬಿಲ್ಲು ತೆಗೆದು ಮುಂದಿಟ್ಟರು. ಅವಳು ಕಿತ್ತುಕೊಂಡು ಓದಿದಳು.

"ಮಾಮಾ, ಈ ರೇಟು ಯಾ ರಿಕವರಿ ಮ್ಯಾಲೆ ಹಾಕ್ಯಾರ? ಈ ಸಲದ್ದಾ, ಹೋದ ಸಲದ್ದಾ?"

ಹೋದ ಹಂಗಾಮಿನದು ಅಂದೆ.

"ಹಂಗಾರ ಈ ಸಲದ್ದು ಎಲ್ಲಿ ಬರದಾರ?"

ಭಾವ ನನ್ನ ಮುಖ ನೋಡಿದರು. ನಾನು ಬಿಲ್ಲು ಹಿಂದೆ ಮುಂದೆ ತಿರುಗಿಸಿ ನೋಡಿದೆ. ಬರೆದಿರಲಿಲ್ಲ.